ಗೋರಿ ಸಿಗದವರ ಇಗರ್ಜಿ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಗೋಡೆ, ಚಾವಣಿ ಎನ್ನದೆ ತುಂಬಿರುವ ಮೊಸ್ಕೇನಿಯ ಚಿತ್ರಗಳನ್ನು ನೋಡುತ್ತ ಬೆಳೆದವಳು ನಾನು. ಬರ್ಲಿನ್ನಿನ ಮರಿಯ ರೆಜೀನಾ ಮಾರ್ಟಿರುಮ್ ಇಗರ್ಜಿ ನನ್ನ ಕಣ್ಣಿಗೆ ಮೊದಲು ಗೋದಾಮಿನಂತೆ ಕಂಡಿತು. ಗೋಪುರವೇನೋ ಇದೆ, ಆದರೆ ಬಾಗಿಲಲ್ಲೇ ಬೇರೆಯಾಗಿ ನಿಂತಿದೆ. ಅದನ್ನು ದಾಟಿದರೆ ಕಪ್ಪು ಗೋಡೆಗಳ ನಡುವೆ ದೊಡ್ಡದೊಂದು ಬರಿಯ ಅಂಗಳ.

ಯಾತನಾ ಶಿಬಿರಗಳಲ್ಲಿ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗುತ್ತಿದ್ದ ಬಯಲನ್ನು ಈ ಅಂಗಳ ನೆನಪಿಸುತ್ತದೆ. ಬಲಿಪೂಜೆಗೆ ಬಂದವರು ಅದನ್ನು ನಡೆದೇ ದಾಟಬೇಕು. ಪಕ್ಕದ ಗೋಡೆಯುದ್ದಕ್ಕೂ ಶಿಲ್ಪಿ ಹಾಯೆಕ್ ಎರಕಹೊಯ್ದ ಕಂಚಿನ ಶಿಲುಬೆಯ ಹಾದಿ ಜೊತೆಗೆ ಬರುತ್ತದೆ.

1933ರಿಂದ 1945ರವರೆಗೆ, ಹಿಟ್ಲರನ ಕಾಲದಲ್ಲಿ, ನಂಬಿಕೆಗಾಗಿ, ಆತ್ಮಸಾಕ್ಷಿಗಾಗಿ ಸತ್ತವರ ಸ್ಮಾರಕ ಇದು. ಹಾನ್ಸ್ ಷೇಡಲ್ ಮತ್ತು ಫ್ರೀಡ್ರಿಕ್ ಎಬರ್ಟ್ ಇದರ ವಾಸ್ತುಶಿಲ್ಪಿಗಳು. 1960ರಲ್ಲಿ ಅಡಿಗಲ್ಲು, 1963ರ ಮೇ 5ರಂದು ಪ್ರತಿಷ್ಠೆ. ನಡುವೆ, 1961ರಲ್ಲಿ, ಅದೇ ಊರನ್ನು ಸೀಳುವ ಗೋಡೆಯೂ ಎದ್ದಿತು.

ಜಾಗ ಆರಿಸಿದ್ದಕ್ಕೂ ಕಾರಣವಿದೆ. ಹತ್ತಿರದ ಪ್ಲೋಟ್ಸೆನ್‌ಸೇ ಜೈಲಿನಲ್ಲಿ ನಾಜಿಗಳು ಸುಮಾರು 2,900 ಮಂದಿಯನ್ನು ಕೊಂದರು. ಹಿಟ್ಲರನ ನಂತರದ ಜರ್ಮನಿ ಹೇಗಿರಬೇಕೆಂದು ಗೆಳೆಯರೊಡನೆ ಚರ್ಚಿಸುತ್ತಿದ್ದ ಯೇಸುಸಭೆಯ ಪಾದ್ರಿ ಆಲ್ಫ್ರೆಡ್ ಡೆಲ್ಪ್ ಅವರನ್ನು 1945ರ ಫೆಬ್ರವರಿ 2ರಂದು ಅಲ್ಲಿ ಗಲ್ಲಿಗೇರಿಸಿ, ಬೂದಿಯನ್ನೂ ಎಲ್ಲೋ ಚೆಲ್ಲಿಬಿಟ್ಟರು. ನವೆಂಬರ್ 2ರಂದು ಸತ್ತವರ ಗೋರಿಗೆ ಹೂವಿಟ್ಟು ಮೊಂಬತ್ತಿ ಹಚ್ಚುವ ನಮ್ಮವರಿಗೆ ಇದರ ಕ್ರೌರ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಡೆಲ್ಪ್ ಅವರ ಮನೆಯವರು ಮೊಂಬತ್ತಿಯನ್ನು ಎಲ್ಲಿ ಹಚ್ಚಬೇಕಿತ್ತು?

ಅದಕ್ಕೆ ಉತ್ತರ ನೆಲಮಾಳಿಗೆಯಲ್ಲಿದೆ. ಮೇಲಿನ ಇಗರ್ಜಿಯಲ್ಲಿ ಬಲಿಪೀಠದ ಹಿಂದಿನ ಗೋಡೆಯನ್ನೆಲ್ಲ ಆವರಿಸಿದ, ಕಲಾವಿದ ಮೈಸ್ಟರ್‌ಮಾನ್ ಅವರ ಬಣ್ಣದ ಚಿತ್ರವಿದೆ. ಬದಿಯಿಂದ ಬೆಳಕು ಬೀಳುತ್ತದೆ. ಚೆನ್ನಾಗಿದೆ, ಆದರೆ ನನ್ನ ಮನಸ್ಸು ನಿಂತದ್ದು ಕೆಳಗೆ. ಅಲ್ಲಿ ಫ್ರಿಟ್ಸ್ ಕೋನಿಗ್ ಮಾಡಿದ, ಸತ್ತ ಮಗನನ್ನು ಹಿಡಿದ ತಾಯಿ ಮರಿಯಳ ಶಿಲ್ಪವಿದೆ. ಗೋರಿ ಸಿಗದ ಎಲ್ಲರ ಹೆಸರಿನಲ್ಲಿ ಒಂದು ಗೋರಿಯ ತಾಣವನ್ನೇ ಮಾಡಿದ್ದಾರೆ. ಎರಿಕ್ ಕ್ಲಾಸೆನರ್ ಅವರ ಬೂದಿಯೂ ಇಲ್ಲಿದೆ. ಬರ್ಲಿನ್ನಿನ ಕಥೋಲಿಕರ ಮುಂದಾಳಾಗಿದ್ದ ಅವರನ್ನು 1934ರ ಜೂನ್ 30ರಂದು ಅವರ ಕಚೇರಿಯಲ್ಲೇ ಗುಂಡಿಟ್ಟು ಕೊಂದ ಸರ್ಕಾರ, ಆತ್ಮಹತ್ಯೆ ಎಂದು ಸಾರಿತ್ತು. ಆತ್ಮಹತ್ಯೆಯನ್ನು ಪಾಪವೆಂದು ನಂಬಿದ್ದ ಸಮುದಾಯದಲ್ಲಿ ಅದು ಸತ್ತವನ ಮೇಲೆ ಮತ್ತೊಂದು ಗುಂಡು ಹಾರಿಸಿದ್ದೇ ಸರಿ. ಅವರ ಬೂದಿಯನ್ನು ಹುತಾತ್ಮರ ನಡುವೆ ಇಟ್ಟು ಇಗರ್ಜಿ ಆ ಸುಳ್ಳನ್ನು ತಿರಸ್ಕರಿಸಿದೆ.

1980ರ ದಶಕದಲ್ಲಿ ಪಕ್ಕದಲ್ಲೇ ಕಾರ್ಮೆಲ್ ಸಭೆಯ ಸಿಸ್ಟರುಗಳ ಮಠವಾಯಿತು. ಅವರು ಬಂದದ್ದು ಡಾಖಾವ್‌ನಿಂದ, ಅಲ್ಲಿಯ ಯಾತನಾ ಶಿಬಿರಕ್ಕೆ ತಾಗಿಕೊಂಡೇ ಇರುವ ಮಠದಿಂದ.