ಬುರುಡೆಗೂ ಉಸಿರುಂಟೆ?

ಇಲ್ಲದ್ದನ್ನು ಇದ್ದಂತೆ ಹೇಳುವವನನ್ನು ಕುರಿತು ‘ಬುರುಡೆ ಬಿಡುತ್ತಾನೆ’ ಎಂದು ನಗುವುದು ನಮ್ಮ ವಾಡಿಕೆ. ಮಿದುಳನ್ನು ಕಾಪಾಡುವ ಎಲುಬಿನ ಕರಂಡಕಕ್ಕೂ ಬುರುಡೆಯೆಂದೇ ಹೆಸರು. ಒಂದೇ ಪದದ ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡು ಬಹುಕಾಲದಿಂದ ತೂಗಾಡುತ್ತಿರುವ ಚಿಕಿತ್ಸಾಕ್ರಮವೊಂದುಂಟು. ಕ್ರೇನಿಯಲ್ ಆಸ್ಟಿಯೋಪಥಿ ಎಂದು ಅದರ ಹೆಸರು. ಬೇಕಾದರೆ ಕಪಾಲ ಹಸ್ತಚಿಕಿತ್ಸೆ ಎನ್ನೋಣ. ಅಲ್ಲಿ ಔಷಧವಿಲ್ಲ, ಶಸ್ತ್ರವಿಲ್ಲ. ಮಲಗಿರುವ ರೋಗಿಯ ತಲೆಯ ಬಳಿ ಚಿಕಿತ್ಸಕನು ಕುಳಿತು, ಹಣ್ಣಾದ ಮಾವನ್ನು ಹಿಡಿಯುವಷ್ಟು ಮೃದುವಾಗಿ ಆ ತಲೆಯನ್ನು ಎರಡು ಕೈಗಳಲ್ಲಿ ಹಿಡಿದುಕೊಳ್ಳುತ್ತಾನೆ. ನೋಡುವವರಿಗೆ ಆತನು ಏನನ್ನೂ ಮಾಡುತ್ತಿರುವಂತೆ ತೋರುವುದಿಲ್ಲ. ಆದರೆ ತಲೆನೋವು, ದವಡೆಯ ನೋವು, ಹಸುಗೂಸುಗಳ ನಿಲ್ಲದ ಅಳು, ಇವೆಲ್ಲ ಅದರಿಂದ ಶಮನವಾಗುವುವೆಂದು ನಂಬಿದವರು ಅನೇಕ ದೇಶಗಳಲ್ಲಿದ್ದಾರೆ.

ಕಿವಿರಿನಂಥ ಅಂಚು

ಕಥೆಯು ಆರಂಭವಾಗುವುದು ಅಮೆರಿಕದ ಮಿಸ್ಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಆಂಡ್ರೂ ಟೇಲರ್ ಸ್ಟಿಲ್ (1828–1917) ಎಂಬ ವೈದ್ಯನು 1892ರಲ್ಲಿ ಅಲ್ಲೊಂದು ವಿದ್ಯಾಶಾಲೆಯನ್ನು ತೆರೆದಿದ್ದನು. 1864ರಲ್ಲಿ ಮಿದುಳುಪೊರೆಯ ಜ್ವರಕ್ಕೆ ತನ್ನ ಮೂರು ಮಕ್ಕಳನ್ನು ಬಲಿಗೊಟ್ಟ ಆತನಿಗೆ ಆ ಕಾಲದ ಔಷಧಗಳಲ್ಲಿ ನಂಬಿಕೆ ಉಳಿಯಲಿಲ್ಲ. ಎಲುಬು, ಸ್ನಾಯು, ಸಂಧಿಗಳನ್ನು ಕೈಯಿಂದಲೇ ಸರಿಪಡಿಸಿದರೆ ದೇಹವು ತನ್ನ ರೋಗವನ್ನು ತಾನೇ ಗೆಲ್ಲುವುದೆಂಬ ವಾದವನ್ನು ಆತನು 1874ರಲ್ಲಿ ಲೋಕದ ಮುಂದಿಟ್ಟನು. ಆಸ್ಟಿಯೋಪಥಿಯ ಹುಟ್ಟು ಹೀಗೆ.

1899ರಲ್ಲಿ ಆ ಶಾಲೆಯ ವಿದ್ಯಾರ್ಥಿಯಾಗಿದ್ದ ವಿಲಿಯಮ್ ಗಾರ್ನರ್ ಸದರ್ಲೆಂಡ್ ಎಂಬ ಯುವಕನು ಅದಕ್ಕೆ ಹಿಂದೆ ವೃತ್ತಪತ್ರಿಕೆಯಲ್ಲಿ ದುಡಿದವನು. (ಪತ್ರಿಕೆಯವರಿಗೆ ಕಣ್ಣಿಗೆ ಬಿದ್ದುದನ್ನು ಸುಮ್ಮನೆ ಬಿಡುವ ಅಭ್ಯಾಸವಿಲ್ಲವಷ್ಟೆ!) ಶಾಲೆಯಲ್ಲಿ ಒಂದು ತಲೆಬುರುಡೆಯನ್ನು ಎಲುಬೆಲುಬಾಗಿ ಬಿಡಿಸಿ, ಒಂದೊಂದನ್ನೂ ಅದರ ಸ್ಥಾನದಿಂದ ಕೊಂಚ ದೂರದಲ್ಲಿ ನಿಲ್ಲಿಸಿ ಪ್ರದರ್ಶಿಸಿದ್ದರು. ಕಣತಲೆಯ ಎಲುಬು, ಕಣ್ಣಿನ ಹಿಂದಿರುವ ಚಿಟ್ಟೆಯಾಕಾರದ ಎಲುಬಿನೊಡನೆ ಕೂಡುವೆಡೆಯಲ್ಲಿ ಅಂಚುಗಳು ಓರೆಯಾಗಿ ಹೆರೆದಂತೆ ಇದ್ದುವು. ಅದನ್ನು ಕಂಡ ಸದರ್ಲೆಂಡನಿಗೆ ಮೀನಿನ ಕಿವಿರು ನೆನಪಾಯಿತು. ಕಿವಿರು ಇರುವುದು ಉಸಿರಾಟಕ್ಕೆ. ಹಾಗಾದರೆ ಈ ಓರೆಯಂಚು ಏತಕ್ಕೆ? ಬುರುಡೆಯ ಎಲುಬುಗಳೂ ಯಾವುದೋ ಬಗೆಯ ಉಸಿರಾಟಕ್ಕಾಗಿ ಚಲಿಸುತ್ತಿರಬಹುದೆ?

ಇದೊಂದು ಹುಚ್ಚು ಕಲ್ಪನೆಯೆಂದು ಆತನಿಗೇ ಅನ್ನಿಸಿತಂತೆ. ಬೆಳೆದವರ ಬುರುಡೆಯು ಒಂದೇ ಗಟ್ಟಿ ಪೆಟ್ಟಿಗೆಯೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಕಾಲವದು. ಮುಂದೆ ಮಿನ್ನೆಸೋಟದಲ್ಲಿ ವೃತ್ತಿಗೆ ನಿಂತ ಮೇಲೆ, ಈ ಕಲ್ಪನೆಯು ಸುಳ್ಳೆಂದು ಸಿದ್ಧಪಡಿಸಿ ಮನಸ್ಸಿನಿಂದ ಕಿತ್ತೊಗೆಯಬೇಕೆಂದೇ ಆತನು ತನ್ನ ತಲೆಯ ಮೇಲೆಯೇ ಪ್ರಯೋಗಕ್ಕೆ ತೊಡಗಿದನು. ಬೆಣ್ಣೆ ತೆಗೆಯುವ ಮರದ ಬೋಗುಣಿ, ಚರ್ಮದ ಪಟ್ಟಿಗಳು, ಕಾಲ್ಚೆಂಡಿನ ಆಟಗಾರರ ಶಿರಸ್ತ್ರಾಣ, ಇವುಗಳಿಂದ ತಲೆಯನ್ನು ಬಿಗಿದು, ಒಂದು ಮಗ್ಗುಲಿನಿಂದ ಒತ್ತಿ, ತನಗೇನಾಗುವುದೆಂದು ಬರೆದಿಟ್ಟುಕೊಂಡನು. ತಲೆನೋವಾಯಿತು, ಸ್ವಭಾವವೂ ವ್ಯತ್ಯಾಸಗೊಂಡುದನ್ನು ಆತನ ಹೆಂಡತಿ ಏಡಾ ಕಂಡಳು. ಮನೆಯೊಡೆಯನು ಪಟ್ಟಿ ಬಿಗಿದ ತಲೆಯೊಡನೆ ಊಟಕ್ಕೆ ಬಂದು ಕುಳಿತರೆ ಆ ಗೃಹಿಣಿಗೆ ಏನೆನ್ನಿಸಿರಬೇಕು! ಆಕೆ ಎಲ್ಲವನ್ನೂ ಸಹಿಸಿದಳು. ಗಂಡನು ತೀರಿಕೊಂಡ ಎಂಟು ವರ್ಷಗಳ ಮೇಲೆ, 1962ರಲ್ಲಿ, ಆತನ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದಳು.

ಆರಂಭದಲ್ಲಿ ಸದರ್ಲೆಂಡನು ತನ್ನ ವಿಚಾರಗಳನ್ನು ‘ಬ್ಲಂಟ್ ಬೋನ್ ಬಿಲ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದನು. ‘ಕಪಾಲದ ಬೋಗುಣಿ’ ಎಂಬರ್ಥದ ಹೆಸರಿನಿಂದ ಆತನ ಸಣ್ಣ ಪುಸ್ತಕವು 1939ರಲ್ಲಿ ಹೊರಬಂದಿತು. ಸ್ವಂತ ವೃತ್ತಿಬಾಂಧವರೇ ಬಹುಕಾಲ ಆತನಿಗೆ ಕಿವಿಗೊಡಲಿಲ್ಲ.

ಐದು ಚಲನೆಗಳು

ಆತನ ಸಿದ್ಧಾಂತದ ಸಾರವಿಷ್ಟು. ಮಿದುಳು ಮತ್ತು ಬೆನ್ನುಹುರಿಗೆ ತಮ್ಮದೇ ಆದ ಮಂದ ಸ್ಪಂದನವುಂಟು. ಅವುಗಳ ಸುತ್ತಲಿನ ದ್ರವವು ಏರಿಳಿಯುತ್ತದೆ. ಆ ದ್ರವವನ್ನು ಆವರಿಸಿದ ಪೊರೆಗಳು ಹಗ್ಗದಂತೆ ಸೆಳೆತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತವೆ. ಬುರುಡೆಯ ಎಲುಬುಗಳು ಅದಕ್ಕೆ ಅನುಗುಣವಾಗಿ ಕೂದಲೆಳೆಯಷ್ಟು ಸರಿಯುತ್ತವೆ. ಕೊನೆಗೆ ಬೆನ್ನೆಲುಬಿನ ತಳದ ತ್ರಿಕಾಸ್ಥಿಯೂ ತೂಗುತ್ತದೆ. ಈ ತೂಗಾಟವು ನಿಮಿಷಕ್ಕೆ 10ರಿಂದ 14 ಸಲವೆಂದು ಆತನ ಶಿಷ್ಯರು ಲೆಕ್ಕ ಹಾಕಿದರು. ಶ್ವಾಸಕೋಶದ ಉಸಿರಿಗಿಂತ ಇದೇ ಮೂಲವಾದುದೆಂದು ಅವರ ಮತ.

ಇದರಲ್ಲಿ ಅಂಗರಚನಾಶಾಸ್ತ್ರಕ್ಕೆ ಒಪ್ಪಿಗೆಯಾದ ಭಾಗವೂ ಇಲ್ಲದಿಲ್ಲ. ತಲೆಯಲ್ಲಿ 22 ಎಲುಬುಗಳು, ಅವುಗಳಲ್ಲಿ ಮಿದುಳನ್ನು ಸುತ್ತುವರಿದವು 8. ಮಿದುಳುದ್ರವವು ಸುಮಾರು 150 ಮಿಲಿಲೀಟರಿನಷ್ಟಿದ್ದು, ದಿನಕ್ಕೆ 500 ಮಿಲಿಲೀಟರಿನಷ್ಟು ಹೊಸದಾಗಿ ಉತ್ಪತ್ತಿಯಾಗುತ್ತದೆ. ಎಂದರೆ ಒಂದು ಹಗಲಿರುಳಿನಲ್ಲಿ ಮೂರು ಬಾರಿಗಿಂತ ಹೆಚ್ಚು ಅದು ಬದಲಾಗುತ್ತದೆ. ಮಿದುಳಿನ ಹೊರಪೊರೆಯು ಬುರುಡೆಯ ತಳದ ರಂಧ್ರದ ಸುತ್ತ ಬಲವಾಗಿ ಅಂಟಿಕೊಂಡು, ಕೆಳಗೆ ತ್ರಿಕಾಸ್ಥಿಯವರೆಗೂ ಇಳಿಯುವುದು ನಿಜ.

ಕೈಗೆ ಕಲಿಸುವ ಪಾಠ

ಸದರ್ಲೆಂಡನ ತರುವಾಯ ಈ ವಿದ್ಯೆಯಲ್ಲಿ ಎರಡು ಕವಲುಗಳಾದುವು. ಒಂದು ಕವಲಿನವರು ಕೈಯಿಟ್ಟು ಮೌನವಾಗಿ ಕಾದಿರುತ್ತಾರೆ. ದೇಹದೊಳಗಿನ ಶಕ್ತಿಯೇ ಕೆಲಸ ಮಾಡಲಿ ಎನ್ನುತ್ತಾರೆ. ಅವರ ಮಾತು ಹಲವು ಬಾರಿ ವೈದ್ಯಕ್ಕಿಂತ ವೇದಾಂತಕ್ಕೆ ಹತ್ತಿರವಾಗುವುದರಿಂದ ಇಲ್ಲಿ ಅವರನ್ನು ಬಿಡೋಣ. ಇನ್ನೊಂದು ಕವಲಿನವರು ಯಂತ್ರಶಾಸ್ತ್ರದ ದೃಷ್ಟಿಯವರು. ಯಾವ ಎಲುಬು, ಯಾವ ಅಕ್ಷದ ಮೇಲೆ, ಎಷ್ಟು ಬಲಕ್ಕೆ, ಎತ್ತ ಸರಿಯಬಲ್ಲದು? ಅದನ್ನು ತಡೆಯುತ್ತಿರುವುದು ಸ್ನಾಯುವೋ, ಪೊರೆಯೋ, ಸಂಧಿಯೋ? ಇವು ಅವರ ಪ್ರಶ್ನೆಗಳು. ಫಿಸಿಯೋಥೆರಪಿ ಮೊದಲಾದ ಹಸ್ತಚಿಕಿತ್ಸೆಗಳನ್ನು ಕಲಿತವರು ಈ ವಿದ್ಯೆಯತ್ತ ಬಂದಾಗ ಅವರಿಗೆ ರುಚಿಸುವುದು ಈ ಎರಡನೆಯ ಮಾರ್ಗವೇ.

ಮೊದಲ ಪಾಠ ಬೆರಳಿಗೆ. ಒಂದು ತಲೆಗೂದಲನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಒಂದು ಹಾಳೆಯನ್ನು ಹಾಸಬೇಕು. ಕಣ್ಣು ಮುಚ್ಚಿ ಬೆರಳ ತುದಿಯಿಂದ ಕೂದಲು ಎಲ್ಲಿದೆಯೆಂದು ಹುಡುಕಬೇಕು. ಸಿಕ್ಕಿತೆ? ಇನ್ನೊಂದು ಹಾಳೆ, ಮತ್ತೊಂದು ಹಾಳೆ. ಅಭ್ಯಾಸವಾದಂತೆ ಹಾಳೆಗಳ ಸಂಖ್ಯೆ ಏರುತ್ತದೆ. ವಾಚಕರು ಭಾನುವಾರದ ಬಿಡುವಿನಲ್ಲಿ ಮಕ್ಕಳೊಡನೆ ಇದನ್ನು ಮಾಡಿ ನೋಡಬಹುದು; ಬಲವಾಗಿ ಒತ್ತಿದಷ್ಟೂ ಕೂದಲು ತಪ್ಪಿಸಿಕೊಳ್ಳುವುದೆಂಬುದು ತಾನಾಗಿಯೇ ತಿಳಿಯುತ್ತದೆ.

ಬಳಿಕ ತಲೆಯನ್ನು ಹಿಡಿಯುವ ಕ್ರಮ. ತೋರುಬೆರಳು ಕಣ್ಣಿನ ಹಿಂದಿನ ಚಿಟ್ಟೆಯೆಲುಬಿನ ರೆಕ್ಕೆಯ ಮೇಲೆ, ನಡುಬೆರಳು ಕಿವಿಯ ಮುಂದೆ, ಉಂಗುರಬೆರಳು ಕಿವಿಯ ಹಿಂದೆ, ಕಿರುಬೆರಳು ಹಿಂದಲೆಯ ಎಲುಬಿನ ಮೇಲೆ. ಒತ್ತಡವೆಷ್ಟು? ಮಿಷಿಗನ್ ಸಂಸ್ಥಾನದ ವಿಶ್ವವಿದ್ಯಾಲಯದಲ್ಲಿ 1975ರಿಂದ 1983ರವರೆಗೆ ಇದ್ದು, ಆಸ್ಟಿಯೋಪಥಿಯವರಲ್ಲದವರಿಗೂ ಈ ವಿದ್ಯೆಯನ್ನು ಹಂಚಿದ ಜಾನ್ ಅಪ್ಲೆಜರ್, 5 ಗ್ರಾಂ ಎನ್ನುತ್ತಿದ್ದನು. ಅಮೆರಿಕದ ಐದು ಸೆಂಟಿನ ನಾಣ್ಯದ ತೂಕ ಅಷ್ಟು. ನಮ್ಮ ಎರಡು ರೂಪಾಯಿಯ ನಾಣ್ಯವೂ ಹೆಚ್ಚುಕಡಿಮೆ ಅಷ್ಟೇ ಇದ್ದೀತು.

ಯಂತ್ರಶಾಸ್ತ್ರದ ಪಾಠವು ಇಲ್ಲಿಂದ ಮುಂದಕ್ಕೆ. ಎಲುಬುಗಳ ನಡುವಿನ ಸಂಧಿರೇಖೆಯಲ್ಲಿರುವುದು ಸಿಮೆಂಟಲ್ಲ, ನಾರು. ನಾರಿಗೆ ಒಂದು ಗುಣವುಂಟು: ಥಟ್ಟನೆ ಎಳೆದರೆ ಬಿಗಿಯುತ್ತದೆ, ಸಣ್ಣ ಬಲವನ್ನು ಬಹಳ ಹೊತ್ತು ಹಾಕಿದರೆ ಮೆಲ್ಲಗೆ ಸಡಿಲಿಸುತ್ತದೆ. ಇನ್ನು ಸ್ನಾಯುಗಳು. ಅಗಿಯುವ ಸ್ನಾಯುವು ಬೀಸಣಿಗೆಯಂತೆ ಕಣತಲೆಯ ಮೇಲೆ ಹರಡಿದೆ. ಕತ್ತನ್ನು ತಿರುಗಿಸುವ ಸ್ನಾಯುವು ಕಿವಿಯ ಹಿಂದಿನ ಗುಬಟಿಗೆ ಕಟ್ಟಿಕೊಂಡಿದೆ. ಹಲ್ಲು ಕಡಿಯುವವರ ತಲೆ ಏಕೆ ನೋಯುವುದೆಂಬುದಕ್ಕೆ ಇಲ್ಲಿ ಕಣ್ಣಿಗೆ ಕಾಣುವ ಕಾರಣವುಂಟು. 1995ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದರು: ಹಿಂದಲೆಯ ಬುಡದ ಒಂದು ಪುಟ್ಟ ಸ್ನಾಯುವಿನಿಂದ ಹೊರಟ ನಾರಿನ ಸೇತುವೆಯೊಂದು ಬೆನ್ನುಹುರಿಯ ಹೊರಪೊರೆಗೆ ಸೇರುತ್ತದೆ. ಕತ್ತಿನ ಬಿಗಿತಕ್ಕೂ ತಲೆನೋವಿಗೂ ಇರುವ ನಂಟನ್ನು ವಿವರಿಸಲು ಹಸ್ತಚಿಕಿತ್ಸಕರಿಗೆ ಇದೊಂದು ಆಧಾರವಾಯಿತು.

ಮೂವರ ಎಣಿಕೆ

ಇಲ್ಲಿಯವರೆಗೆ ಹಾದಿ ಸುಗಮ. ಮುಂದೆ ತೊಡಕಿದೆ. ಸದರ್ಲೆಂಡನ ಯಂತ್ರದ ಕೀಲೆಣೆ ಬುರುಡೆಯ ತಳದಲ್ಲಿ, ಚಿಟ್ಟೆಯೆಲುಬು ಹಿಂದಲೆಯೆಲುಬಿನೊಡನೆ ಕೂಡುವ ಸ್ಥಳದಲ್ಲಿದೆ. ಮಕ್ಕಳಲ್ಲಿ ಅಲ್ಲಿರುವುದು ಮೃದ್ವಸ್ಥಿ. ಆದರೆ ಹದಿಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾದ ಎಲುಬಾಗಿ ಬೆಸೆದುಹೋಗುತ್ತದೆ. ನಲವತ್ತರ ರೋಗಿಯಲ್ಲಿ ಆ ಕೀಲು ಬಾಗುವುದೆಂದರೆ, ಗೋಡೆ ಕಟ್ಟಿ ಮುಚ್ಚಿದ ಬಾಗಿಲು ತೆರೆಯಿತೆಂದಂತೆ. 5 ಗ್ರಾಮಿನ ಒತ್ತಡವು ಎಲುಬುಗಳನ್ನು ಸರಿಸೀತೆ ಎಂಬುದೂ ಇಂಥದೇ ಪ್ರಶ್ನೆ.

ಇದಕ್ಕಿಂತ ದೊಡ್ಡ ತೊಡಕು ಬೆರಳಿನದೇ. 1994ರಲ್ಲಿ ಅಮೆರಿಕದಲ್ಲಿ ಒಂದು ಸರಳ ಪರೀಕ್ಷೆ ನಡೆಯಿತು. ಈ ವಿದ್ಯೆಯಲ್ಲಿ ಪಳಗಿದ ಮೂವರು ಫಿಸಿಯೋಥೆರಪಿಯವರು 12 ಮಂದಿಯ ತಲೆಗಳ ಮೇಲೆ ಬೇರೆಬೇರೆಯಾಗಿ ಕೈಯಿಟ್ಟು ಲಯವನ್ನು ಎಣಿಸಿದರು. ನಾಡಿಯನ್ನು ಮೂವರು ನೋಡಿದರೆ ಎಣಿಕೆ ಒಂದೇ ಬರಬೇಕಲ್ಲವೆ? ಇಲ್ಲಿ ಮೂವರದೂ ಮೂರು ದಾರಿ. ಅವರ ಎಣಿಕೆಗಳ ಹೊಂದಿಕೆಯು ಸೊನ್ನೆಗೆ ಸಮ. 1998ರ ಇನ್ನೊಂದು ಪರೀಕ್ಷೆಯಲ್ಲಿ ಒಬ್ಬರು ತಲೆಯನ್ನೂ ಒಬ್ಬರು ಪಾದವನ್ನೂ ಒಂದೇ ಸಮಯದಲ್ಲಿ ಹಿಡಿದು ಎಣಿಸಿದರು. ಲಯವು ಸರ್ವಾಂಗಕ್ಕೂ ಒಂದೇ ಎಂದು ಸಿದ್ಧಾಂತ. ಎಣಿಕೆಗಳು ಮಾತ್ರ ಕೂಡಲಿಲ್ಲ.

2002ರಲ್ಲಿ ನ್ಯೂ ಇಂಗ್ಲೆಂಡ್ ವಿಶ್ವವಿದ್ಯಾಲಯದ ಆಸ್ಟಿಯೋಪಥಿ ಕಾಲೇಜಿನ ಇಬ್ಬರು ಅಧ್ಯಾಪಕರು, ಹಾರ್ಟ್‌ಮನ್ ಮತ್ತು ನಾರ್ಟನ್, ಈ ಭಾಗವನ್ನು ಆಸ್ಟಿಯೋಪಥಿಯ ಪಠ್ಯಕ್ರಮದಿಂದಲೂ ಪರೀಕ್ಷೆಗಳಿಂದಲೂ ತೆಗೆದುಹಾಕಬೇಕೆಂದು ಬಹಿರಂಗವಾಗಿ ಬರೆದರು. ಹೊರಗಿನವರು ಟೀಕಿಸುವುದು ಸುಲಭ. ತಾವು ಕಲಿಸುವ ಶಾಲೆಯೊಳಗೇ ಕುಳಿತು ಹೀಗೆ ಬರೆಯುವುದಕ್ಕೆ ಧೈರ್ಯ ಬೇಕು. ಆದರೂ ಆ ಪಾಠವು ನಿಂತುಹೋಗಲಿಲ್ಲ.

ಹಾಗಾದರೆ ಬೆರಳುಗಳಿಗೆ ತಿಳಿಯುವುದು ಏನು? ಎಲ್ಲವೂ ಭ್ರಮೆಯೆಂದು ತಳ್ಳಿಬಿಡಲು ನಾನು ಸಿದ್ಧನಿಲ್ಲ. ರಕ್ತನಾಳಗಳ ಬಿಗಿತದಲ್ಲಿ ನಿಮಿಷಕ್ಕೆ ಕೆಲವು ಬಾರಿ ಏರಿಳಿಯುವ ಮಂದ ಅಲೆಗಳುಂಟೆಂಬುದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದ ವಿಷಯ. 2001ರಲ್ಲಿ ಷಿಕಾಗೋದ ಆಸ್ಟಿಯೋಪಥಿ ಸಂಶೋಧಕರು ಲೇಸರ್ ಉಪಕರಣದಿಂದ ರಕ್ತಸಂಚಾರವನ್ನು ಅಳೆಯುತ್ತಲೇ ತಲೆಯ ಲಯವನ್ನೂ ಬೆರಳಿನಿಂದ ಗುರುತಿಸಿ, ಎರಡಕ್ಕೂ ಸಂಬಂಧವಿರುವಂತೆ ತೋರುವುದೆಂದು ವರದಿ ಮಾಡಿದರು. ಸದರ್ಲೆಂಡನ ಉಸಿರು ಎಲುಬಿನದಲ್ಲ, ನೆತ್ತರಿನದು ಎಂದೇ ಇದರ ಅರ್ಥವಾದೀತು.

ಗುಣವಾಗುವುದೋ ಇಲ್ಲವೋ ಎಂದು ಕೇಳುವವರಿಗೆ: 2016ರಲ್ಲಿ ಜರ್ಮನಿಯಲ್ಲಿ ದೀರ್ಘಕಾಲದ ಕತ್ತುನೋವಿನ 54 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಬರಿದೆ ಕೈಯಿಟ್ಟ ತೋರಿಕೆಯ ಚಿಕಿತ್ಸೆಗಿಂತ ಇದರಿಂದ ನೋವು ಹೆಚ್ಚು ಇಳಿಯಿತು. ಆದರೆ ಇಂಥ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದ 2024ರ ವಿಮರ್ಶೆಯೊಂದು, ನಂಬತಕ್ಕ ಪ್ರಯೋಜನವೇನೂ ಕಾಣುವುದಿಲ್ಲವೆಂದು ತೀರ್ಪಿತ್ತಿತು. ಮಂದ ಬೆಳಕಿನ ಕೊಠಡಿಯಲ್ಲಿ ಅರ್ಧ ಗಂಟೆ ಮಲಗಿ, ಮತ್ತೊಬ್ಬರ ಬೆಚ್ಚನೆಯ ಕೈಯಲ್ಲಿ ತಲೆಯನ್ನಿಟ್ಟರೆ ಹಿತವೆನಿಸುವುದು ಸಹಜ. ಆ ಹಿತವನ್ನು ಹಿತವೆಂದೇ ಕರೆದು, ರೋಗನಿವಾರಣೆಯೆಂದು ಕರೆಯದ ಚಿಕಿತ್ಸಕನಲ್ಲಿ ನನಗೆ ಗೌರವವುಂಟು.

ಕೂಸಿನ ತಲೆ

ದೊಡ್ಡವರ ವಿಷಯದಲ್ಲಿ ಹೋಗುವುದು ಹಣ ಮತ್ತು ವೇಳೆ. ಅದರೊಡನೆ, ಇದ್ದಕ್ಕಿದ್ದಂತೆ ಸಿಡಿಲಿನಂತೆರಗಿದ ತಲೆನೋವು, ಪೆಟ್ಟು ಬಿದ್ದ ಮೇಲಿನ ವಾಂತಿ, ಮಾತು ತೊದಲುವುದು, ಇಂಥವನ್ನು ಕೈಚಿಕಿತ್ಸೆಗೆ ಒಪ್ಪಿಸಿ ಆಸ್ಪತ್ರೆಗೆ ತಡವಾದರೆ ಪ್ರಾಣವೇ ಹೋದೀತು. ಬುರುಡೆಯ ಮುರಿತ, ತಲೆಯೊಳಗಿನ ರಕ್ತಸ್ರಾವ, ಒತ್ತಡದ ಏರಿಕೆ, ಹೊಸ ಪಾರ್ಶ್ವವಾಯು ಇದ್ದಲ್ಲಿ ಮುಟ್ಟಲೇಬಾರದೆಂದು ಈ ವಿದ್ಯೆಯ ಪಠ್ಯಪುಸ್ತಕಗಳೇ ನಿಷೇಧಿಸುತ್ತವೆ.

ಕೂಸುಗಳ ಮಾತು ಬೇರೆ. 2009ರಲ್ಲಿ ನೆದರ್ಲೆಂಡ್ಸಿನ ವೈದ್ಯಕೀಯ ಪತ್ರಿಕೆಯಲ್ಲಿ, ಇದೇ ಕುಲದ ಚಿಕಿತ್ಸೆಯ ಹೆಸರಿನಲ್ಲಿ ಕತ್ತು ಮತ್ತು ಬೆನ್ನೆಲುಬನ್ನು ಬಾಗಿಸಲ್ಪಟ್ಟ ಮೂರು ತಿಂಗಳ ಹೆಣ್ಣುಕೂಸೊಂದು ಮರಣ ಹೊಂದಿದ ವರದಿ ಬಂದಿತು. ಅಲ್ಲಿ ನಡೆದುದು 5 ಗ್ರಾಮಿನ ಸ್ಪರ್ಶವಲ್ಲ, ನಿಜ. ಆದರೆ ಫಲಕದ ಮೇಲಿನ ಹೆಸರನ್ನು ನೋಡಿ ಒಳಗೆ ಹೋದ ತಾಯಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ?

ನಮ್ಮ ಮನೆಗಳಲ್ಲಿಯೂ ಕೂಸಿನ ನೆತ್ತಿಗೆ ಹರಳೆಣ್ಣೆ ಇಡುವ, ತಲೆ ದುಂಡಗಾಗಲೆಂದು ಅಜ್ಜಿಯು ಎರಡೂ ಕೈಗಳಿಂದ ನೀವುವ ಪದ್ಧತಿಯುಂಟು. ಎಣ್ಣೆ ಸವರುವುದು ಸರಿ, ಒತ್ತುವುದು ಬೇಡ. ಹಿಂದಿನ ಸುಳಿಯು ಎರಡು ಮೂರು ತಿಂಗಳಲ್ಲಿಯೂ ಮುಂದಿನ ನೆತ್ತಿಯು ಸಾಧಾರಣವಾಗಿ ಒಂದೂವರೆ ವರ್ಷದೊಳಗೂ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೂಸು ಅಳದೆ ನೆಟ್ಟಗೆ ಕುಳಿತಿರುವಾಗಲೂ ನೆತ್ತಿಯು ಉಬ್ಬಿದ್ದರೆ, ಅಥವಾ ಭೇದಿಯಾದಾಗ ಗುಳಿ ಬಿದ್ದರೆ, ಅಂದೇ ವೈದ್ಯರ ಬಳಿಗೆ ಒಯ್ಯಬೇಕು. ಒಂದೇ ಮಗ್ಗುಲಿಗೆ ಮಲಗಿ ಹಿಂದಲೆ ಚಪ್ಪಟೆಯಾದರೆ ಗಾಬರಿ ಬೇಡ. ಕೂಸನ್ನು ಅಂಗಾತನೇ ಮಲಗಿಸಬೇಕೆಂದು 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರು ಸಲಹೆಯಿತ್ತ ಮೇಲೆ ನಿದ್ದೆಯಲ್ಲಿ ಸಂಭವಿಸುವ ಮರಣಗಳು ಬಹಳವಾಗಿ ಇಳಿದು, ಚಪ್ಪಟೆ ತಲೆಗಳು ಹೆಚ್ಚಿದುವು. ಎಚ್ಚರವಾಗಿರುವಾಗ ಕಣ್ಣೆದುರಿನಲ್ಲಿಯೇ ಕೂಸನ್ನು ಕೆಲಹೊತ್ತು ಬೋರಲಾಗಿ ಆಡಿಸುವುದು, ಮಲಗಿಸುವಾಗ ತಲೆ ತಿರುಗುವ ದಿಕ್ಕನ್ನು ಬದಲಿಸುವುದು ಇದಕ್ಕೆ ಮದ್ದು. ಆದರೆ ನೆತ್ತಿಯು ಬೇಗನೆ ಮುಚ್ಚಿ, ಸಂಧಿರೇಖೆಯ ಉದ್ದಕ್ಕೂ ಏಣು ಎದ್ದು, ತಲೆ ಸೊಟ್ಟಗೆ ಬೆಳೆಯುತ್ತಿದ್ದರೆ ಎಲುಬುಗಳು ಅಕಾಲದಲ್ಲಿ ಬೆಸೆದಿರಬಹುದು. ಅದನ್ನು ಬಿಡಿಸುವುದು ಯಾವ ಬೆರಳಿನಿಂದಲೂ ಆಗದು. ಶಸ್ತ್ರವೈದ್ಯರು ಮೊದಲ ವರ್ಷದೊಳಗೆ ಮಾಡಬೇಕಾದ ಕೆಲಸವದು, ತಡಮಾಡದೆ ತೋರಿಸಬೇಕು.