ನೆತ್ತಿಯ ಮೇಲಣ ಕೊಳವೆಗೆ ತಕ್ಕ ಆಧಾರ

ತುರ್ವಿಹಾಳ ಸೀಮೆಯ ಎರೆಭೂಮಿಯಲ್ಲಿ ಮನೆ ಕಟ್ಟಿದವರಿಗೆ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ನೆಲ ಮಳೆಗಾಲದಲ್ಲಿ ನೀರುಂಡು ಉಬ್ಬುತ್ತದೆ. ಅದರೊಳಗೆ ಹೂತ ಕೊಳವೆಯ ಸಂದುಗಳು ಈ ಹಿಗ್ಗು-ಕುಗ್ಗಿಗೆ ಸಿಕ್ಕಿ ಸಡಿಲುತ್ತವೆ, ಒಮ್ಮೊಮ್ಮೆ ಸೀಳುತ್ತವೆ. ಸೋರಿಕೆ ಎಲ್ಲಿದೆಯೆಂದು ಅರಿಯಲು ಅಂಗಳವನ್ನೆಲ್ಲ ಅಗೆಯಬೇಕಾಗುತ್ತದೆ. ಆದ್ದರಿಂದ ಮಾಳಿಗೆಯ ಮೇಲಿನ ತೊಟ್ಟಿಯಿಂದ ಅಡುಗೆಮನೆಗೂ ಬಚ್ಚಲಿಗೂ ಛಾವಣಿಯ ಕೆಳಗಿನಿಂದಲೇ ಕೊಳವೆ ಹಾಯಿಸುವವರು ಅನೇಕರು. ಇದು ಒಳ್ಳೆಯದೇ. ಆದರೆ ಅಲ್ಲಿಯವರೆಗೆ ನೆಲ ಹೊತ್ತಿದ್ದ ಭಾರವನ್ನು ಇನ್ನು ಮುಂದೆ ಯಾರು ಹೊರಬೇಕೆಂಬ ಪ್ರಶ್ನೆಯನ್ನು ಬಹುಮಂದಿ ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳದವರಲ್ಲಿ ನಾವೂ ಒಬ್ಬರಾಗಿದ್ದೆವು.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ದಾಸೋಹದ ಮನೆಯ ಉಸ್ತುವಾರಿ ನಮ್ಮ ಪಾಲಿಗೆ ಬಂದಿತ್ತು. ಅಲ್ಲಿ ತಗಡಿನ ಛಾವಣಿಯ ಕೆಳಗೆ ಸುಮಾರು 40 ಅಡಿ ಉದ್ದಕ್ಕೆ ಎರಡು ಇಂಚಿನ ಕಬ್ಬಿಣದ ಕೊಳವೆ ಹಾಯ್ದಿತ್ತು. ತುಕ್ಕು ಹಿಡಿದಿದ್ದರಿಂದ ಅದನ್ನು ತೆಗೆಸಿ ಪ್ಲಾಸ್ಟಿಕ್ ಕೊಳವೆ ಹಾಕಿಸಿದೆವು. ನಳದ ಕೆಲಸದವನು ನಾಲ್ಕು ಅಡಿಗೊಂದು ಹ್ಯಾಂಗರ್ ಬೇಕೆಂದನು. ಛಾವಣಿಯಿಂದ ಇಳಿಬಿಟ್ಟ ಸರಳಿಗೆ ಬಳೆ ಜೋಡಿಸಿ ಕೊಳವೆಯನ್ನು ತೂಗಿ ಹಿಡಿಯುವ ಸಾಧನಕ್ಕೆ ಆ ಹೆಸರು. "ಕಬ್ಬಿಣಕ್ಕೇ ಹತ್ತು ಅಡಿಗೊಂದು ಸಾಕಾಗಿತ್ತಲ್ಲ, ಹಗುರವಾದ ಇದಕ್ಕೇಕಪ್ಪಾ ಹೆಚ್ಚು?" ಎಂದೆವು. "ಹಗುರ ಖರೆ ಐತ್ರಿ ಅಜ್ಜಾರ, ಆದ್ರ ಬಾಗತೈತ್ರಿ" ಎಂದು ಅವನು ಹೇಳಿದ್ದು ನಮ್ಮ ಕಿವಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ. ಹಳೆಯ ಹ್ಯಾಂಗರುಗಳಿಗೇ ಹೊಸ ಕೊಳವೆಯನ್ನು ಬಿಗಿಸಲು ಹೇಳಿ, ಕೆಲವು ನೂರು ರೂಪಾಯಿ ಉಳಿಸಿದೆವೆಂದು ಸಮಾಧಾನಪಟ್ಟೆವು.

ಚಳಿಗಾಲ ಕಳೆಯಿತು. ವೈಶಾಖದ ಒಂದು ಮಧ್ಯಾಹ್ನ, ಪಂಕ್ತಿಯಲ್ಲಿ ಜನ ಕುಳಿತಿದ್ದಾಗ, ತಿರುವಿನ ಸಂದು ಸೀಳಿ ಕೊಳವೆ ಕುಸಿಯಿತು. ಅದರ ಕೆಳಗೇ ಒಲೆಯ ಮೇಲೆ ಅನ್ನದ ಕೊಪ್ಪರಿಗೆ ಕುದಿಯುತ್ತಿತ್ತು. ಅಡುಗೆಯ ತಾಯಿಯೊಬ್ಬರ ಬಲಗೈ ಮೊಳಕೈವರೆಗೆ ಬೆಂದಿತು. ಆಕೆ ಎರಡು ತಿಂಗಳು ಸೌಟು ಹಿಡಿಯಲಾಗಲಿಲ್ಲ.

ನಡೆದದ್ದೇನೆಂದು ಆಮೇಲೆ ಲೆಕ್ಕ ಹಾಕಿ ತಿಳಿದೆವು. ಎರಡು ಇಂಚಿನ ಕೊಳವೆ ಮೀಟರಿಗೆ ಸುಮಾರು 2 ಲೀಟರ್ ನೀರು ಹಿಡಿಯುತ್ತದೆ; 40 ಅಡಿಗೆ ನೀರಿನ ಭಾರವೊಂದೇ 24 ಕಿಲೋ. ಕೊಳವೆ ಹಗುರವಾದರೂ ಒಳಗಿನ ನೀರು ಹಗುರವಾಗದು. ಕಬ್ಬಿಣ ಗಡುಸಾದ್ದರಿಂದ ಎರಡು ಆಧಾರಗಳ ನಡುವೆ ನೆಟ್ಟಗೆ ನಿಲ್ಲುತ್ತದೆ. ಪ್ಲಾಸ್ಟಿಕ್ ಶಾಖಕ್ಕೆ ಮೆತ್ತಗಾಗಿ ಜೋತು ಬೀಳುತ್ತದೆ. ಇದಕ್ಕಿಂತ ಮುಖ್ಯವಾದದ್ದು ಹಿಗ್ಗುವಿಕೆ. ಚಳಿಗಾಲದ ಮುಂಜಾವಿಗೂ ತಗಡಿನ ಕೆಳಗಿನ ಬೇಸಿಗೆಯ ಮಧ್ಯಾಹ್ನಕ್ಕೂ 35 ಡಿಗ್ರಿ ಅಂತರವಿದ್ದರೆ, 40 ಅಡಿಯ ಕಬ್ಬಿಣದ ಕೊಳವೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಪ್ಲಾಸ್ಟಿಕ್ಕಿನದು 30 ಮಿಲಿಮೀಟರ್, ಅಂದರೆ ಒಂದು ಅಂಗುಲಕ್ಕೂ ಮಿಗಿಲು. ಎರಡೂ ತುದಿಗಳನ್ನು ನಾವು ಗೋಡೆಗೆ ಸಿಮೆಂಟಿನಿಂದ ಬಂಧಿಸಿಬಿಟ್ಟಿದ್ದೆವು. ಬೆಳೆದ ಅಂಗುಲಕ್ಕೆ ಹೋಗಲು ಎಡೆಯಿಲ್ಲದೆ ಕೊಳವೆ ಸೊಟ್ಟಗಾಗಿ ಸಂದನ್ನು ಸೀಳಿತು.

ಹೀಗಾಗಿ ಹ್ಯಾಂಗರಿಗೆ ಎರಡು ಕೆಲಸ: ಭಾರ ಹೊರಬೇಕು, ಕೊಳವೆ ಉದ್ದಕ್ಕೆ ಸರಿಯಲೂ ಬಿಡಬೇಕು. ಬಳೆಯನ್ನು ಕೊಳವೆ ಸರಾಗವಾಗಿ ಜಾರುವಷ್ಟು ಸಡಿಲವಾಗಿಡಬೇಕು. ಒಂದೇ ಒಂದು ಕಡೆ, ಸಾಮಾನ್ಯವಾಗಿ ವಾಲ್ವಿನ ಬಳಿ, ಬಿಗಿಯಾಗಿ ಹಿಡಿದರೆ ಸಾಕು. ಗೋಡೆಯನ್ನು ದಾಟುವಲ್ಲಿ ಕೊಳವೆಗಿಂತ ದೊಡ್ಡ ರಂಧ್ರವಿರಲಿ. ಅಲ್ಲಿ ಸಿಮೆಂಟು ಮೆತ್ತಬಾರದು. ತಿರುವಿನ ಬಳಿ ಹ್ಯಾಂಗರ್ ಇರಲೇಬೇಕು, ಆದರೆ ಅದು ಸರಳಿನಿಂದ ತೂಗುವಂಥದಾಗಿರಲಿ. ಕೊಳವೆ ಬೆಳೆದಾಗ ಅದೂ ಕೊಂಚ ಓಲುತ್ತದೆ. ವಾಲ್ವಿನ ಭಾರಕ್ಕೆ ಪಕ್ಕದಲ್ಲೇ ಬೇರೊಂದು ಆಧಾರ ಬೇಕು.

ಅಂತರದ ಮಾತು. ಪ್ಲಾಸ್ಟಿಕ್ಕಿನಲ್ಲಿ ಒಂದು ಇಂಚಿನವರೆಗಿನದಕ್ಕೆ ಮೂರು ಅಡಿ, ಅದಕ್ಕಿಂತ ದಪ್ಪನೆಯದಕ್ಕೆ ನಾಲ್ಕು ಅಡಿ. ಸೋಲಾರ್ ಹೀಟರಿನ ಬಿಸಿನೀರು ಹರಿಯುವುದಾದರೆ ಇನ್ನೂ ಹತ್ತಿರ. ಕಬ್ಬಿಣಕ್ಕೆ ಒಂದು ಇಂಚಿನದಾದರೆ ಏಳು ಅಡಿ, ಎರಡು ಇಂಚಿನದಾದರೆ ಹತ್ತು ಅಡಿ. ಪ್ಲಾಸ್ಟಿಕ್ ಕೊಳವೆಯನ್ನು ಹಿಡಿಯುವ ಪಟ್ಟಿ ಅಗಲವಾಗಿರಲಿ, ಅಂಚು ಹರಿತವಾಗಿರದಿರಲಿ, ಒಳಗೆ ರಬ್ಬರಿನ ಹಾಸಿರಲಿ. ಕಟ್ಟಡದ ತಂತಿಯಿಂದ ಬಿಗಿದು ಕಟ್ಟುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಅದು ಪ್ರತಿ ಹಿಗ್ಗು-ಕುಗ್ಗಿಗೂ ಕೊಳವೆಯನ್ನು ಗರಗಸದಂತೆ ಕೊಯ್ಯುತ್ತದೆ.

ಹ್ಯಾಂಗರ್ ಗಟ್ಟಿಯಾಗಿದ್ದು ಅದು ಕಚ್ಚಿದ ಛಾವಣಿ ದುರ್ಬಲವಾಗಿದ್ದರೆ ಪ್ರಯೋಜನವಿಲ್ಲ. ಆರ್‌ಸಿಸಿ ಛಾವಣಿಗೆ ಆಂಕರ್ ಬೋಲ್ಟ್ ಸರಿ. ಅದು ಗಿಲಾವನ್ನು ದಾಟಿ ಕಾಂಕ್ರೀಟಿನೊಳಗೆ ಕಚ್ಚಬೇಕು, ರಂಧ್ರದ ಪುಡಿಯನ್ನು ಊದಿ ತೆಗೆದಿರಬೇಕು. ಮರದ ಬೆಣೆ ಬಡಿದು ಮೊಳೆ ಹೊಡೆಯುವುದು ಬೇಡ. ಗರ್ಡರಿನ ಮೇಲೆ ಬಂಡೆ ಹಾಸಿದ ಮನೆಗಳಲ್ಲಿ ಬಂಡೆಗೆ ರಂಧ್ರ ಕೊರೆಯಲೇಬಾರದು, ಅದು ಸೀಳೀತು. ಗರ್ಡರಿನ ಅಂಚಿಗೆ ಕಚ್ಚುವ ಕ್ಲ್ಯಾಂಪು ಹಾಕಿಸಬೇಕು. ಹಳೆಯ ಮಣ್ಣಿನ ಮಾಳಿಗೆಯಾದರೆ ಜಂತಿಯನ್ನು ಗೆದ್ದಲು ತಿಂದಿದೆಯೇ ಎಂದು ಮೊದಲು ತಟ್ಟಿ ನೋಡಿ, ಕೊರೆಯದೆ ಪಟ್ಟಿಯಿಂದ ಸುತ್ತಿ ಹಿಡಿಯುವುದು ಲೇಸು. ತಗಡಿನ ಮನೆಯಲ್ಲಿ ಭಾರವೆಲ್ಲ ಕಬ್ಬಿಣದ ಆ್ಯಂಗಲ್ಲಿನ ಮೇಲೆ ಬೀಳಬೇಕು. ತಗಡಿಗೆ ಹಾಕಿದ ಕೊಕ್ಕೆ ಇಂದಲ್ಲ ನಾಳೆ ಕಿತ್ತು ಬರುತ್ತದೆ. ಮೋಟಾರಿನ ಅದುರಿಗೆ ನಟ್ಟುಗಳು ತಾವಾಗಿ ಬಿಚ್ಚಿಕೊಳ್ಳುವುದರಿಂದ ಒಂದರ ಮೇಲೊಂದು ಎರಡು ನಟ್ಟು ಹಾಕಿಸುವುದು ಒಳ್ಳೆಯದು. ಇಷ್ಟೆಲ್ಲ ಆದಮೇಲೆ ಆ ಕೊಳವೆಗೇ ಒದ್ದೆ ಬಟ್ಟೆ, ಬಾಳೆಯ ಗೊನೆ, ಕೂಸಿನ ತೊಟ್ಟಿಲು ಕಟ್ಟುವ ತಾಯಂದಿರೂ ಇದ್ದಾರೆ. ಅವರಿಗೆ ನಾವು ಹೇಳಬೇಕಾದದ್ದು ಬಹಳವಿದೆ.

ನೀರನ್ನು ನೆಲದಿಂದ ಎತ್ತಿ ಸಾಗಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಹಂಪೆಯ ಅರಮನೆಯ ಆವರಣದಲ್ಲಿ ಮೆಟ್ಟಿಲ ಪುಷ್ಕರಣಿಯ ಕಡೆಗೆ ಹೋಗುವ ಕಲ್ಲಿನ ಕಾಲುವೆಯನ್ನು ಕಂಡವರಿಗೆ ಅದರ ಕೆಳಗಿನ ಸಾಲುಗಂಬಗಳು ನೆನಪಿರಬಹುದು. ಯಾತ್ರಿಕರು ಪುಷ್ಕರಣಿಯನ್ನು ನೋಡಿ ಬೆರಗಾಗುತ್ತಾರೆ. ಕೊಳವೆಯ ಕುಸಿತವನ್ನು ಕಂಡ ಮೇಲೆ ಅಲ್ಲಿಗೆ ಹೋದಾಗ ನಾವು ಕಂಬದಿಂದ ಕಂಬಕ್ಕೆ ಹೆಜ್ಜೆ ಎಣಿಸುತ್ತ ನಡೆದೆವು. ಜೊತೆಗಿದ್ದವರು ನಕ್ಕರು.

ದಾಸೋಹದ ಮನೆಯಲ್ಲಿ ಈಗ 11 ಹ್ಯಾಂಗರುಗಳಿವೆ. ಹಾಕಿದವನು ಅದೇ ಕೆಲಸದವನು. ಹಿಂದಿನ ಮಾತನ್ನು ಅವನು ಎತ್ತಲಿಲ್ಲ. ಪ್ರತಿ ವರ್ಷ ಯುಗಾದಿಗೆ ಮುನ್ನ ನಿಚ್ಚಣಿಕೆ ಹಾಕಿಸಿ ಒಂದೊಂದೇ ನಟ್ಟನ್ನು ಪಾನಾದಿಂದ ನೋಡಿಸುತ್ತೇವೆ. ಒಂದು ತುದಿಯಲ್ಲಿ ನಿಂತು ಕೊಳವೆ ಎಲ್ಲಾದರೂ ಜೋತಿದೆಯೇ ಎಂದು ಗಮನಿಸುತ್ತೇವೆ. ಆ ತಾಯಿ ಈಗಲೂ ಅಡುಗೆಗೆ ಬರುತ್ತಾರೆ. ಅನ್ನದ ಒಲೆಯನ್ನು ಮಾತ್ರ ಕೊಳವೆಯ ಕೆಳಗಿನಿಂದ ಎರಡು ಮಾರು ಆಚೆಗೆ ಹಾಕಿಸಿಕೊಂಡಿದ್ದಾರೆ. ನಾವು ಬೇಡವೆನ್ನಲಿಲ್ಲ.