ತಿರುಳ್ಗನ್ನಡದ ತಿರುಕ ಉತ್ತಂಗಿ ಚನ್ನಪ್ಪನವರು

ನಾಚಾರಂನಲ್ಲಿ ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮ ಗಲ್ಲಾದ ಮೇಲೆ ಹಿರಿಯರೊಬ್ಬರು ಕುಳಿತುಕೊಳ್ಳುತ್ತಿದ್ದರು. ಹುಬ್ಬಳ್ಳಿಯ ಕಡೆಯವರು. ದಂಡಿನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಬಳಿಕ, ಇಬ್ಬರು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಪಿಂಚಣಿ ಸಾಲದೆಂದು ನಮ್ಮಲ್ಲಿಗೆ ಬಂದವರು. ಕಾರ್ಖಾನೆಗಳ ಮೊದಲ ಪಾಳಿಯವರು ತಿಂಡಿಗೆ ಬರುವ ಮುನ್ನವೇ ಅವರು ಬಂದು ಕುಳಿತಾಗಿರುತ್ತಿತ್ತು. ಭಾನುವಾರ ಮಾತ್ರ ಅವರು ತಮ್ಮ ಚರ್ಚಿನ ಸಭಾಸೇವಕರು; ಬೆಂಚು ಒರೆಸುವುದರಿಂದ ಹಿಡಿದು ಕಾಣಿಕೆಯ ಲೆಕ್ಕ ಬರೆಯುವವರೆಗೆ ಎಲ್ಲವೂ ಅವರದೇ.

ಇವರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಜಗಳಕ್ಕೆ ನಿಂತರೆ, ಯಾರಾದರೂ ಸಾಲ ಕೇಳಿದರೆ, ಸಂದರ್ಭಕ್ಕೆ ತಕ್ಕ ಸರ್ವಜ್ಞನ ಪದವೊಂದನ್ನು ಹೇಳಿ ನಕ್ಕುಬಿಡುತ್ತಿದ್ದರು. ಹೊಸದಾಗಿ ಸೇರಿದ್ದ ಕುಂದಾಪುರದ ಮಾಣಿಯೊಬ್ಬನು ಒಂದು ದಿನ, “ಇವರು ಕ್ರಿಸ್ತಾನರಲ್ಲವೆ? ಸರ್ವಜ್ಞನ ಪದ ಇವರಿಗೇಕೆ?” ಎಂದು ನಮ್ಮನ್ನು ಕೇಳಿದನು. ಮಾತು ಹಿರಿಯರ ಕಿವಿಗೆ ಬಿತ್ತು. ಅವರು ಸಿಟ್ಟಾಗಲಿಲ್ಲ. “ತಮ್ಮಾ, ಆ ಪದಾ ಎಲ್ಲಾ ಕೂಡಿಸಿ ಪುಸ್ತಕಾ ಮಾಡಿದವರು ನಮ್ಮ ಸಭಾದ ಅಯ್ಯನವರು. ಗೊತ್ತೈತೇನು ನಿನಗ?” ಎಂದರು.

ಹುಡುಗನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ. ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಸರ್ವಜ್ಞನ ಪದ್ಯಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದ್ದೆವು. ಅವನ್ನು ಕೂಡಿಸಿದ ಕೈ ಯಾರದೆಂದು ಕೇಳಿರಲಿಲ್ಲ. ಅಂದು ನಮಗಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಆ ಅಯ್ಯನವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿದರು. ಅವರ ಮನೆತನದ ಹೆಸರಿನಲ್ಲಿರುವ ಉತ್ತಂಗಿಯು ಹೂವಿನಹಡಗಲಿ ತಾಲೂಕಿನ ಒಂದು ಹಳ್ಳಿ. ಬಾಸೆಲ್ ಮಿಶನ್ನಿನ ಸಭೆಯಲ್ಲಿ ಬೆಳೆದು, ಅದರ ಸಭಾಪಾಲಕರಾಗಿ ಬಾಳನ್ನು ಸವೆಸಿದರು. ಕರಾವಳಿಯ ನಮ್ಮವರಿಗೆ ಬಾಸೆಲ್ ಮಿಶನ್ ಎಂದೊಡನೆ ಮಂಗಳೂರು ಹೆಂಚು ನೆನಪಾಗುವುದು ಸಹಜ. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆಯು ಹೆಂಚಿನ ಕಾರ್ಖಾನೆಯನ್ನೂ ನೇಯ್ಗೆಯ ಮಗ್ಗವನ್ನೂ ನಡೆಸಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರೂ ಅಲ್ಲಿಯವರೇ. ಆದರೆ ಅವರು ಹೊರನಾಡಿನಿಂದ ಬಂದು ಕನ್ನಡ ಕಲಿತವರು. ಚನ್ನಪ್ಪನವರಾದರೋ ಕನ್ನಡದಲ್ಲೇ ಹುಟ್ಟಿದವರು.

1914ರಲ್ಲಿ ಮೊದಲನೆಯ ಮಹಾಯುದ್ಧ ತೊಡಗಿದ ಮೇಲೆ ಬ್ರಿಟಿಷ್ ಸರಕಾರವು ಜರ್ಮನ್ ಪಾದ್ರಿಗಳನ್ನು ಬಂಧಿಸಿ ಹೊರಗೆ ಕಳುಹಿಸಿತು. ಸಭೆಗಳ ಭಾರವು ನಾಡಿನವರ ಹೆಗಲ ಮೇಲೆ ಬಿತ್ತು. ಸಭಾಪಾಲಕನ ಕೆಲಸವೆಂದರೆ ಭಾನುವಾರದ ಒಂದು ಪ್ರಸಂಗವಷ್ಟೇ ಅಲ್ಲ. ಮದುವೆ, ಮಣ್ಣು, ಕಾಯಿಲೆ, ಕಲಹ ಎಲ್ಲಕ್ಕೂ ಅವನೇ ಹೋಗಬೇಕು. ಇಂತಹ ದುಡಿಮೆಯ ನಡುವೆಯೇ ಚನ್ನಪ್ಪನವರು ಸರ್ವಜ್ಞನ ತ್ರಿಪದಿಗಳನ್ನು ಅರಸಿ ನಡೆದರು. ಅವು ಹಸ್ತಪ್ರತಿಗಳಲ್ಲಿ ಅಷ್ಟಿಷ್ಟು, ಹಳ್ಳಿಗರ ನಾಲಗೆಯ ಮೇಲೆ ಅಷ್ಟಿಷ್ಟು ಚೆದುರಿಹೋಗಿದ್ದವು. ಒಂದೇ ಪದ ಒಂದೂರಿನಲ್ಲಿ ಒಂದು ತೆರ, ಮತ್ತೊಂದೂರಿನಲ್ಲಿ ಮತ್ತೊಂದು ತೆರ. ಅವನ್ನೆಲ್ಲ ಕೂಡಿಸಿ, ಪಾಠಗಳನ್ನು ಹೋಲಿಸಿ, ಸುಮಾರು ಎರಡು ಸಾವಿರ ಪದ್ಯಗಳ ಸಂಗ್ರಹವನ್ನು 1924ರಲ್ಲಿ ಪ್ರಕಟಿಸಿದರು.

ಈ ಕೆಲಸದ ಬೆಲೆಯನ್ನು ಹೈದರಾಬಾದಿನಲ್ಲಿರುವ ನಮಗೆ ತಿಳಿಸುವುದು ಸುಲಭ. ಇಲ್ಲಿಯ ತೆಲುಗು ನೆರೆಹೊರೆಯವರು ವೇಮನನ ಪದ್ಯವನ್ನು ಎಷ್ಟು ಅಕ್ಕರೆಯಿಂದ ಹೇಳುವರೆಂಬುದನ್ನು ನಾವೆಲ್ಲ ಬಲ್ಲೆವು. ಆ ವೇಮನನನ್ನು 1829ರಲ್ಲಿ ಅಚ್ಚಿಗೆ ತಂದವರು ಕುಂಪಣಿಯ ಅಧಿಕಾರಿ ಸಿ. ಪಿ. ಬ್ರೌನ್. ವೇಮನನಿಗೆ ಬ್ರೌನ್ ಮಾಡಿದ ಉಪಕಾರವನ್ನು ಸರ್ವಜ್ಞನಿಗೆ ಚನ್ನಪ್ಪನವರು ಮಾಡಿದರು. ಬ್ರೌನರ ಹೆಸರನ್ನು ಇಲ್ಲಿಯವರು ಮರೆತಿಲ್ಲ. ನಾವು ನಮ್ಮವರನ್ನು ಮರೆತೆವು.

ಸರ್ವಜ್ಞನಿಗೇ ಅವರ ಶ್ರಮ ಮುಗಿಯಲಿಲ್ಲ. ಶರಣರ ವಚನಗಳಿಗೆ ಕೈ ಹಾಕಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ಬರೆದರು. ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಈ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ಸಿಂಹಾಸನ ತೊರೆದು ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಜೀವಿಸಿದನೆಂಬ ಐತಿಹ್ಯವಿದೆ. ಬೆವರು ಸುರಿಸಿ ಉಣ್ಣುವವನ ಮಾತಿಗೆ ಬೆಲೆಯುಂಟೆಂದು ಚನ್ನಪ್ಪನವರು ನಂಬಿದ್ದರು. ತಮ್ಮ ಮತವನ್ನು ಅವರು ಬಿಡಲಿಲ್ಲ, ಮರೆಮಾಡಲೂ ಇಲ್ಲ. ಕ್ರಿಸ್ತನಲ್ಲಿ ಭಕ್ತಿ ಇಟ್ಟವನು ಬಸವಣ್ಣನನ್ನು ಗೌರವಿಸಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲವೆಂದು ಬಾಳಿ ತೋರಿಸಿದರು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಸಂದಿತು. ಮನೆಮನೆಗೆ ಹೋಗಿ ಬೇಡಿ ತಂದದ್ದನ್ನು ನಾಡಿಗೆಲ್ಲ ಬಡಿಸಿದವರಿಗೆ ಅದಕ್ಕಿಂತ ತಕ್ಕ ಹೆಸರು ಬೇರೆ ಇರಲಾರದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. ಉರ್ದುವೇ ರಾಜಭಾಷೆಯಾಗಿದ್ದ ಈ ಸಂಸ್ಥಾನದಲ್ಲಿ ಕಲಬುರಗಿ, ಬೀದರ, ರಾಯಚೂರಿನ ಕನ್ನಡಿಗರು ತಮ್ಮ ನುಡಿಗಾಗಿ ಬಹಳ ಕಷ್ಟಪಟ್ಟವರು. ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕೂಡಿತು. ಆ ಸಂಭ್ರಮದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಅರುವತ್ತೇಳು ವರ್ಷದ ಈ ಸಭಾಪಾಲಕರು. ಶರಣರ ಕಲ್ಯಾಣವಿರುವ ಸೀಮೆಯ ಕನ್ನಡಿಗರು ಅವರ ಮತವನ್ನು ನೋಡಲಿಲ್ಲ, ದುಡಿಮೆಯನ್ನು ನೋಡಿದರು. 1962ರಲ್ಲಿ ಚನ್ನಪ್ಪನವರು ಕಾಲವಾದರು.

ವಾಚಕ ಬಾಂಧವರಲ್ಲಿ ಅನೇಕರು, “ಹದಿನಾಲ್ಕು ತಾಸು ನಿಂತು ದುಡಿಯುವವರಿಗೆ ಸಾಹಿತ್ಯವೇಕೆ?” ಎಂದು ನಮ್ಮನ್ನು ಕೇಳುವುದುಂಟು. ಕಾಲು ನೋಯುವವನ ಪ್ರಶ್ನೆ ಅದು, ಹಗುರಾಗಿ ಉತ್ತರಿಸತಕ್ಕದ್ದಲ್ಲ. ನಾವು ಹೇಳುವುದಿಷ್ಟೆ. ಚನ್ನಪ್ಪನವರು ವಿಶ್ವವಿದ್ಯಾಲಯದ ಪಂಡಿತರಾಗಿರಲಿಲ್ಲ. ಕೈತುಂಬ ಬೇರೆ ಕೆಲಸವಿದ್ದವರು, ಉಳಿದ ಹೊತ್ತಿನಲ್ಲಿ ಇದನ್ನು ಮಾಡಿದರು. ನಮ್ಮ ಗಲ್ಲಾದ ಹಿರಿಯರೂ ಹಾಗೆಯೇ. ರಾತ್ರಿ ಲೆಕ್ಕ ಒಪ್ಪಿಸಿ ಮನೆಗೆ ಹೋದ ಮೇಲೆ ಅರ್ಧ ತಾಸು ಹೆಣ್ಣುಮಕ್ಕಳಿಗೆ ಕನ್ನಡ ಬರೆಸುತ್ತಿದ್ದರು. ಶಾಲೆಯಲ್ಲಿ ತೆಲುಗು, ಇಂಗ್ಲಿಷು ಕಲಿತ ಆ ಹುಡುಗಿಯರು ಊರಿನ ಅಜ್ಜಿಗೆ ಕನ್ನಡದಲ್ಲಿಯೇ ಕಾಗದ ಬರೆಯುತ್ತಿದ್ದರು. ನಮ್ಮ ಸ್ವಂತ ಮಕ್ಕಳಿಗೆ ಅಷ್ಟು ಬರುತ್ತಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಪ್ರಶ್ನೆ ಕೇಳಿದ ಮಾಣಿಯು ಮರುದಿನ ಕಾಫಿಯ ಲೋಟವನ್ನು ಗಲ್ಲಾದ ಬಳಿ ಇಟ್ಟು, “ಅಜ್ಜಾ, ನಿನ್ನೆಯ ಆ ಪದ ಇನ್ನೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ” ಎಂದನು. ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡನು. ನಮ್ಮ ಒಂದೊಂದು ಹೋಟೆಲಿನಲ್ಲಿಯೂ, ಒಂದೊಂದು ಕಚೇರಿಯಲ್ಲಿಯೂ ಊರಿನ ಪದವನ್ನೋ ಗಾದೆಯನ್ನೋ ಬಲ್ಲ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರ ಜಾತಿ ಮತಗಳನ್ನು ವಿಚಾರಿಸುವ ಮೊದಲು ಅವರ ಬಾಯಿಯಲ್ಲಿರುವ ಕನ್ನಡವನ್ನು ಕೇಳಿ ಬರೆದುಕೊಳ್ಳಿರಿ. ಚೀಟಿಯ ಹಿಂಬದಿಯಾದರೂ ಸಾಕು.